ಹಬ್ಬದ ಎಸರಿಗೆ ಯಾರ ಅಪ್ಪಣೆ?

ಮನೆಯಲ್ಲಿ ಬೇಯಿಸಿದ್ದನ್ನು ನಾಲ್ಕು ಜನಕ್ಕೆ ಹಂಚಿ ಉಣ್ಣಲಿಕ್ಕೂ ಸರ್ಕಾರದ ಅಪ್ಪಣೆ ಬೇಕೆ? ಉಣ್ಣಲಿಕ್ಕೇ ಇಲ್ಲದ ಜನರ ನಡುವೆ ನಿಂತು ಚರ್ಚಿನ ಹಬ್ಬದೂಟದ ಮಾತೇಕೆ ಅಂತ ನಮ್ಮ ಗೆಳೆಯರೇ ಕೇಳಿದ್ದಾರೆ. ಆದರೆ ಈ ದೇಶದಲ್ಲಿ ಅನ್ನದ ಪ್ರಶ್ನೆ ಯಾವತ್ತೂ ಬರೀ ಹೊಟ್ಟೆಯ ಪ್ರಶ್ನೆಯಾಗಿ ಉಳಿದಿಲ್ಲ. ಯಾರು ಬೇಯಿಸಿದರು, ಯಾರು ಮುಟ್ಟಿದರು, ಯಾರ ಪಂಕ್ತಿಯಲ್ಲಿ ಯಾರು ಕೂತರು ಅನ್ನೋ ಕಾರಣಕ್ಕೆ ನಮ್ಮ ಅಪ್ಪಂದಿರ ಬೆನ್ನ ಮೇಲೆ ಬಾಸುಂಡೆ ಎದ್ದಿವೆ. ಅದಕ್ಕೇ ಇದನ್ನು ಬಿಡಿಸಿ ನೋಡಬೇಕು.

ಮೊದಲು ಕಾನೂನಿನ ಮಾತು. 2006ರ ಆಹಾರ ಸುರಕ್ಷತೆ ಮತ್ತು ಗುಣಮಟ್ಟ ಕಾಯ್ದೆಯ ನಿಯಮಗಳು 2011ರ ಆಗಸ್ಟ್ 5ರಿಂದ ಜಾರಿಗೆ ಬಂದವು. 1954ರ ಕಲಬೆರಕೆ ತಡೆ ಕಾಯ್ದೆಯ ಜಾಗದಲ್ಲಿ ಇದು ಕೂತಿತು. ಈ ಕಾಯ್ದೆಯ ಪ್ರಕಾರ 'ಆಹಾರ ವ್ಯವಹಾರ' ಅಂದರೆ ಲಾಭಕ್ಕಿರಲಿ ಬಿಡಲಿ, ಸರ್ಕಾರದ್ದಿರಲಿ ಖಾಸಗಿಯಿರಲಿ, ಆಹಾರ ತಯಾರಿಸಿ ಹಂಚುವ ಯಾವುದೇ ಉದ್ಯಮ. 2011ರ ಪರವಾನಗಿ ನಿಯಮಗಳು ಇನ್ನೂ ಒಂದು ಹೆಜ್ಜೆ ಮುಂದೆ ಹೋದವು. ಸಣ್ಣ ತಯಾರಕರು ಅನ್ನುವ ಗುಂಪಿನಲ್ಲಿ ತಿರುಗಾಡಿ ಮಾರುವವರ ಜೊತೆಗೆ, ಧಾರ್ಮಿಕ ಇಲ್ಲವೆ ಸಾಮಾಜಿಕ ಕೂಟಗಳಲ್ಲಿ ಆಹಾರ ಹಂಚುವವರನ್ನೂ ಸೇರಿಸಿದವು. ಇವರು ಹೆಸರು ನೋಂದಾಯಿಸಬೇಕು. ನಿಯಮ ಬರೆದಾಗ ಇಟ್ಟ ಶುಲ್ಕ ವರ್ಷಕ್ಕೆ 100 ರೂಪಾಯಿ. ನೂರು ರೂಪಾಯಿಯ ಬಗ್ಗೆ ನಮ್ಮ ತಕರಾರಿಲ್ಲ. ಹಂಚಿ ಉಣ್ಣೋದನ್ನೂ ವ್ಯವಹಾರದ ಲೆಕ್ಕಕ್ಕೆ ಹಾಕಿದ್ದಾರಲ್ಲ, ಅದರ ಬಗ್ಗೆ ಮಾತಾಡಬೇಕು.

ಮಾರುವವನಿಗೂ ಕೊಳ್ಳುವವನಿಗೂ ನಡುವೆ ಇರೋದು ದುಡ್ಡು. ಕೊಳ್ಳುವವನಿಗೆ ಅಡುಗೆಮನೆ ಕಾಣಲ್ಲ, ಆದ್ದರಿಂದ ಅವನ ಪರವಾಗಿ ಸರ್ಕಾರ ಇಣುಕಿ ನೋಡಬೇಕು. ಸರಿ, ಒಪ್ಪೋಣ. ಆದರೆ ಕೇರಿಯ ಪ್ರಾರ್ಥನಾ ಮಂದಿರದಲ್ಲಿ ಕ್ರಿಸ್‌ಮಸ್ ದಿನ ಸೇರುವವರು ಒಬ್ಬರ ಅಡುಗೆಮನೆ ಇನ್ನೊಬ್ಬರು ಹುಟ್ಟಿದಾಗಿನಿಂದ ಕಂಡವರು. ಯಾವ ಚಿಕ್ಕಮ್ಮನ ಕಜ್ಜಾಯ ಮೆದು, ಯಾರ ಸಾರಿಗೆ ಖಾರ ಜಾಸ್ತಿ ಎಲ್ಲರಿಗೂ ಗೊತ್ತು. ಮೈಸೂರು ಸೀಮೆಯಲ್ಲಿ ಕಜ್ಜಾಯ, ಚಕ್ಕುಲಿ, ಬಾಡಿನ ಸಾರು, ಮುದ್ದೆ. ಬೀದರ್ ಕಡೆ ಜೋಳದ ರೊಟ್ಟಿ, ಕರಚಿಕಾಯಿ. ಮಂಗಳೂರು ಕಡೆ ಹೋದರೆ ಕಳ್ಳು ಹಾಕಿ ಉಬ್ಬಿಸಿದ ಸಣ್ಣ, ಜೊತೆಗೆ ಹಂದಿ ಮಾಂಸ. ಅಲ್ಲಿ ಹಬ್ಬದ ತಿಂಡಿಗಳಿಗೆ ಕುಸ್ವಾರ್ ಅಂತಾರೆ. ಕಿಡಿಯೊ, ನೆವ್ರಿ, ತುಕ್ಡಿ ಎಲ್ಲ ತಟ್ಟೆಗೆ ಹಾಕಿ ನೆರೆಮನೆಗೆ ಕೊಡೋದು ವಾಡಿಕೆ.

ಇಲ್ಲೊಂದು ಸೂಕ್ಷ್ಮ ಇದೆ. ಕುಸ್ವಾರ್ ಇವತ್ತು ಮಂಗಳೂರಿನ ಬೇಕರಿಗಳಲ್ಲಿ ಪೊಟ್ಟಣವಾಗಿ ಸಿಗುತ್ತೆ, ಪರಂಪರೆ ಅಂತ ಪತ್ರಿಕೆಯಲ್ಲಿ ಫೋಟೊ ಬರುತ್ತೆ. ಬರಲಿ. ಆದರೆ ಕೇರಿಯ ಕೊರಬಾಡು, ನೆತ್ತರು ಬೇಯಿಸಿ ಮಾಡುವ ಪಲ್ಯ, ಕರುಳಿನ ಸಾರು ಯಾಕೆ ಯಾವತ್ತೂ ಪರಂಪರೆ ಆಗಲ್ಲ? ಅಂಗಳದಲ್ಲಿ ಕಲ್ಲಿನ ಒಲೆ ಹೂಡಿ ಮಾಡಿದ್ದೇ. ಒಂದಕ್ಕೆ 'ಮನೆಯ ರುಚಿ' ಅಂತ ಹೆಸರು, ಇನ್ನೊಂದಕ್ಕೆ 'ಗಲೀಜು' ಅಂತ ಹೆಸರು. ಕಾಯ್ದೆಯ ಪುಸ್ತಕದಲ್ಲಿ ಜಾತಿಯ ಹೆಸರಿಲ್ಲ, ನಿಜ. ಆದರೆ ಅದನ್ನು ಹಿಡಿದುಕೊಂಡು ಬರುವ ಮನುಷ್ಯನಿಗೆ ಮೂಗಿದೆ, ಆ ಮೂಗಿಗೆ ತಲೆತಲಾಂತರದ ಪಾಠ ಆಗಿದೆ.

ಊರೂರಲ್ಲಿ ನಡೆಯೋದು ಇಷ್ಟು. ಯಾವ ಇನ್ಸ್‌ಪೆಕ್ಟರೂ ಬಂದಿರಲ್ಲ. ಸಭೆಯ ಹಿರಿಯರೇ, ನಾಲ್ಕಕ್ಷರ ಕಲಿತು ಪೇಟೆ ಸೇರಿದ ನಮ್ಮಂಥವರೇ, "ಈಗೆಲ್ಲ ರೂಲ್ಸು ಬಂದವೆ ಕಣಮ್ಮ, ಮನೆಯಿಂದ ಏನೂ ತರಬೇಡಿ, ಕಂಟ್ರಾಕ್ಟಿಗೆ ಕೊಡ್ತೀವಿ" ಅಂತಾರೆ. ಕಂಟ್ರಾಕ್ಟಿನವನು ಪಲಾವು, ಕೇಸರಿಬಾತು, ಬಜ್ಜಿ ತಂದು ಸುರೀತಾನೆ. ವರ್ಷವಿಡೀ ಬಡಿಸಲಿಕ್ಕೆ ಕಾದಿದ್ದ ನಮ್ಮ ಅವ್ವಂದಿರು ಅವತ್ತು ಸಾಲಿನಲ್ಲಿ ಕಾಗದದ ತಟ್ಟೆ ಹಿಡಿದು ನಿಲ್ಲುತ್ತಾರೆ. ಊಟ ಮುಗಿದ ಮೇಲೆ ಹಂಡೆ ತಿಕ್ಕಲು ಮಾತ್ರ ಅವರನ್ನೇ ಕರೀತಾರೆ. ತಿಕ್ಕುವಾಗ ಅವರ ಕೈ ಶುದ್ಧ, ಬೇಯಿಸುವಾಗ ಅನುಮಾನ. ಇದು ಯಾವ ಸುರಕ್ಷತೆ ಸ್ವಾಮಿ?

ಹಾಗಂತ ನಿಯಮವೇ ಬೇಡ, ನಮ್ಮ ಜನ ಮಾಡಿದ್ದೆಲ್ಲ ಅಮೃತ ಅಂತ ನಾವು ಹೇಳುವುದಿಲ್ಲ. ಹಳಸಿದ ಅನ್ನಕ್ಕೆ ಜಾತಿಯಿಲ್ಲ, ಅದು ಬಡವನ ಮಗುವನ್ನೇ ಮೊದಲು ಮಲಗಿಸುತ್ತೆ. ರಾತ್ರಿ ಬೇಯಿಸಿದ ಬಾಡನ್ನು ದೊಡ್ಡ ಹಂಡೆಯಲ್ಲಿ ಹಾಗೇ ಬಿಟ್ಟರೆ ನಡುವಿನ ಬಿಸಿ ಬೇಗ ಇಳಿಯಲ್ಲ, ಆ ಉಗುರುಬೆಚ್ಚಗಿನಲ್ಲೇ ರೋಗಾಣು ಹೆಚ್ಚುತ್ತವೆ. ಬೇಯಿಸಿದ್ದನ್ನು ಎರಡು ಗಂಟೆಗಿಂತ ಹೆಚ್ಚು ಹೊತ್ತು ಹೊರಗೆ ಬಿಡಬೇಡಿ, ಬಡಿಸುವ ತನಕ 60 ಡಿಗ್ರಿಗಿಂತ ಮೇಲೆ ಬಿಸಿಯಿಡಿ ಅಂತ ವಿಶ್ವ ಆರೋಗ್ಯ ಸಂಸ್ಥೆ ಹೇಳುತ್ತೆ. ಇದು ಮಡಿ ಅಲ್ಲ, ವಿಜ್ಞಾನ. ಇದನ್ನು ಕಲಿಯಬೇಕು. ನಮ್ಮ ಅಜ್ಜಿಯರಿಗೆ ಇದರಲ್ಲಿ ಅರ್ಧ ಗೊತ್ತೇ ಇತ್ತು. ಬಾಡಿಗೆ ಉಪ್ಪು ಅರಿಶಿನ ಹಚ್ಚಿ ಹಗ್ಗಕ್ಕೆ ಕಟ್ಟಿ ಬಿಸಿಲಿಗೆ ಒಣಗಿಸಿದ್ದು, ಕಜ್ಜಾಯವನ್ನು ಬೆಲ್ಲದ ಪಾಕದಲ್ಲಿ ಕಲಸಿ ಎಣ್ಣೆಯಲ್ಲಿ ಕರಿದದ್ದು ಬರೀ ರುಚಿಗಲ್ಲ. ನೀರಿನಂಶ ಹೋದರೆ ಕೆಡಲ್ಲ ಅನ್ನೋದು ಅವರಿಗೆ ತಿಳಿದಿತ್ತು. ಬಡತನ ಕಲಿಸಿದ ವಿದ್ಯೆ ಅದು.

ನಂಬಿಕೆ ಒಂದೇ ಸಾಕು ಅನ್ನುವವರು ಸುಳ್ವಾಡಿಯನ್ನು ನೆನೆಯಬೇಕು. 2018ರ ಡಿಸೆಂಬರ್ 14ರಂದು ಚಾಮರಾಜನಗರ ಜಿಲ್ಲೆಯ ಸುಳ್ವಾಡಿಯ ಮಾರಮ್ಮನ ಗುಡಿಯಲ್ಲಿ ಪ್ರಸಾದ ಉಂಡವರಲ್ಲಿ 17 ಜನ ಸತ್ತರು. ಸತ್ತವರು ಬಡವರು, ಕೂಲಿಯವರು. ಅನ್ನಕ್ಕೆ ಬೆರೆತದ್ದು ಕೀಟನಾಶಕ. ಅದು ಕೊಳಕಿನಿಂದ ಬಂದದ್ದಲ್ಲ, ಗುಡಿಯ ಅಧಿಕಾರದ ಜಗಳದಲ್ಲಿ ಬೇಕೆಂತಲೇ ಹಾಕಿದ್ದು ಅಂತ ಪೊಲೀಸರು ಹೇಳಿದರು. ಪರಿಚಯದ ಕೈ ಅಂದ ಮಾತ್ರಕ್ಕೆ ಒಳ್ಳೆಯ ಕೈ ಅಲ್ಲ. ಆದರೆ ಅಂಥ ಕೈಯನ್ನು ನೋಂದಣಿ ಪತ್ರವೂ ತಡೆಯಲಾರದು. ಅನ್ನದ ಮೇಲೆ ಒಡೆತನ ನಾಲ್ಕೇ ಜನರದಾದಾಗ ಉಣ್ಣುವವರ ಪ್ರಾಣ ಅವರ ಜಗಳಕ್ಕೆ ಸಿಕ್ಕುತ್ತೆ. ಹತ್ತು ಮನೆಯ ಹತ್ತು ಮಡಕೆ ಬರುವ ಕಡೆ ಆ ಒಡೆತನ ಒಬ್ಬರ ಕೈಗೆ ಹೋಗೋದು ಕಷ್ಟ.

ಇನ್ನು ಸುರಕ್ಷತೆಯ ಹೆಸರೂ ಹೇಳದೆ ತಟ್ಟೆಗೇ ಕೈ ಹಾಕುವ ಕಾನೂನಿದೆ. 2020ರ ಕರ್ನಾಟಕದ ಜಾನುವಾರು ಹತ್ಯೆ ತಡೆ ಕಾಯ್ದೆ 13 ವರ್ಷ ದಾಟಿದ ಎಮ್ಮೆ ಕೋಣ ಬಿಟ್ಟು ಉಳಿದೆಲ್ಲ ದನಗಳ ಹತ್ಯೆ ನಿಷೇಧಿಸಿತು. ಶಿಕ್ಷೆ 3ರಿಂದ 7 ವರ್ಷ ಜೈಲು. ನಮ್ಮ ಕೇರಿಗಳ ಅತಿ ಅಗ್ಗದ ಮಾಂಸ, ಹಬ್ಬದ ಸಾರು, ಅಪರಾಧವಾಯಿತು. ಇದರ ಬಗ್ಗೆ ಬೇರೆಯಾಗಿಯೇ ಬರೆಯಬೇಕು.

ಚರ್ಚಿನವರೂ ಸುಮ್ಮನೆ ಬೀಗಬೇಕಿಲ್ಲ. ಬೇರೆ ಬೇರೆ ಪಂಕ್ತಿ, ಬೇರೆ ಬೇರೆ ಸ್ಮಶಾನ ಕ್ರೈಸ್ತರಲ್ಲೂ ಇದ್ದವು, ಕೆಲವು ಕಡೆ ಇವೆ. ಅವರ ಪುಸ್ತಕದಲ್ಲೇ ಈ ಜಗಳ ದಾಖಲಾಗಿದೆ. ಅಂತಿಯೋಕ್ಯದಲ್ಲಿ ಪೇತ್ರ ಅನ್ಯರ ಜೊತೆ ಕೂತು ಉಣ್ಣುತ್ತಿದ್ದವನು, ತನ್ನವರು ಬಂದಾಗ ಹೆದರಿ ಎದ್ದುಬಿಟ್ಟ. ಪೌಲ ಅವನನ್ನು ಎಲ್ಲರೆದುರೇ ತರಾಟೆಗೆ ತಗೊಂಡ. ಕೊರಿಂಥದಲ್ಲಿ ಉಳ್ಳವರು ಮೊದಲೇ ಉಂಡು, ಬಡವರು ಹಸಿದಿದ್ದದ್ದಕ್ಕೂ ಅವನು ಬೈದು ಬರೆದ. ಎರಡು ಸಾವಿರ ವರ್ಷದ ಹಿಂದಿನ ಆ ಊಟದ ಜಗಳ ಓದಿದರೆ ನಮ್ಮೂರಿನ ಪಂಕ್ತಿಯೇ ಕಣ್ಣಿಗೆ ಕಟ್ಟುತ್ತೆ. ನಮ್ಮ ಸರ್ಕಾರವೂ 1950ರ ಆದೇಶದಲ್ಲಿ ಪರಿಶಿಷ್ಟ ಜಾತಿಯ ಪಟ್ಟಿಯನ್ನು ಹಿಂದೂಗಳಿಗೆ ಸೀಮಿತ ಮಾಡಿ, 1956ರಲ್ಲಿ ಸಿಖ್ಖರನ್ನು, 1990ರಲ್ಲಿ ಬೌದ್ಧರನ್ನು ಸೇರಿಸಿ, ಕ್ರೈಸ್ತ ದಲಿತರನ್ನು ಹೊರಗೇ ಇಟ್ಟಿತು. ಕಾಗದದಲ್ಲಿ ಆಕೆಗೆ ಜಾತಿಯಿಲ್ಲ, ಆಕೆ ಬೇಯಿಸಿದ ಅನ್ನಕ್ಕೆ ಮಾತ್ರ ಇದೆ.

ಸಹಭೋಜನದಿಂದಲೇ ಜಾತಿ ಸಾಯಲ್ಲ ಅಂತ ಬಾಬಾಸಾಹೇಬರು 1936ರಲ್ಲೇ ಬರೆದರು. ಅದು ನಿಜ. ಆದರೆ ಬಿಸಿಯೂಟದ ಅಡುಗೆಗೆ ದಲಿತರಿಗೆ ಆದ್ಯತೆ ಕೊಡಿ ಅಂತ 2004ರಲ್ಲಿ ಸುಪ್ರೀಂ ಕೋರ್ಟು ಆದೇಶ ಮಾಡಬೇಕಾಯಿತಲ್ಲ, ಆಮೇಲೂ ದಲಿತ ಹೆಣ್ಣುಮಗಳು ಬೇಯಿಸಿದಳು ಅಂತ ಮಕ್ಕಳನ್ನು ಊಟದಿಂದ ಎಬ್ಬಿಸಿದ್ದು ನಮ್ಮ ಮೇಷ್ಟ್ರುಗಳಿಗೆ ಗೊತ್ತಿಲ್ಲವೆ? ಆ ಕೈಯ ಅನ್ನವನ್ನು ಸಾರ್ವಜನಿಕವಾಗಿ ಉಣ್ಣುವ ಜಾಗಗಳೇ ಕಡಿಮೆ. ಇರುವ ಒಂದನ್ನು ನಿಯಮದ ಭಯಕ್ಕೆ ನಾವೇ ಮುಚ್ಚಬೇಕೆ?

ನೋಂದಣಿ ಮಾಡಿಸೋಣ. ಸಭೆಯ ಹೆಸರಿನಲ್ಲಿ ಮಾಡಿಸಿ, ಅಡುಗೆಯ ಹೆಣ್ಣುಮಕ್ಕಳ ಹೆಸರನ್ನೇ ಬರೆಸೋಣ, ಕಂಟ್ರಾಕ್ಟಿನವನದ್ದಲ್ಲ. ಆ ನಿಯಮಗಳಲ್ಲೇ ಅಡುಗೆಗೆ ಕುಡಿಯಲು ಯೋಗ್ಯವಾದ ನೀರು ಇರಬೇಕು ಅಂತ ಇದೆ. 1927ರಲ್ಲಿ ಮಹಾಡಿನ ಕೆರೆಗೆ ಇಳಿದ ಜನರ ಮೊಮ್ಮಕ್ಕಳು ನಾವು. ಅರ್ಜಿಯ ಜೊತೆಗೆ ಇನ್ನೊಂದು ಅರ್ಜಿ ಲಗತ್ತಿಸೋಣ: ನಮ್ಮ ಕೇರಿಗೆ ನಲ್ಲಿ ಯಾವಾಗ ಹಾಕುತ್ತೀರಿ, ಹಾಕಿದ ನಲ್ಲಿಯಲ್ಲಿ ನೀರು ಯಾವಾಗ ಬಿಡುತ್ತೀರಿ?