ನಿಂತ ಕಲ್ಲು, ಬರೆಯದ ನಂಬಿಕೆ

ಹೊಸನಗರ ತಾಲೂಕಿನ ನಗರ ಎಂಬ ಊರಿನ ಆಸುಪಾಸಿನಲ್ಲಿರುವ ನಿಲಸ್‌ಕಲ್, ಬೈಸೆ ಊರುಗಳಲ್ಲಿ ನೆಲದಿಂದೆದ್ದು ನಿಂತ ದೊಡ್ಡ ಕಲ್ಲುಗಳ ಗುಂಪುಗಳಿವೆ. ತೀರ್ಥಹಳ್ಳಿ ಕಡೆಯ ಆರಗದ ಬಳಿಯೂ ಇಂಥವಿವೆ. ಅವುಗಳ ಮೇಲೆ ಅಕ್ಷರವಿಲ್ಲ, ಶಿಲ್ಪವಿಲ್ಲ. ಬಂಡೆ ಎಬ್ಬಿಸಿ, ಎಳೆದು ತಂದು, ಗುಂಡಿ ತೋಡಿ ನಿಲ್ಲಿಸಿದವರ ಹೆಸರೂ ಉಳಿದಿಲ್ಲ. ಪುರಾತತ್ವಜ್ಞರು ಇವನ್ನು ಬೃಹತ್ ಶಿಲಾ ಸಂಸ್ಕೃತಿಗೆ, ಅಂದರೆ ದಕ್ಷಿಣ ಭಾರತದ ಕಬ್ಬಿಣ ಯುಗದ ಪರಂಪರೆಗೆ ಸೇರಿಸುತ್ತಾರೆ. ಬರೆದಿಡದ ಜನರ ನಂಬಿಕೆಯನ್ನು ನಾವು ತಿಳಿಯಬಹುದೇ? ತಿಳಿದರೂ ಎಷ್ಟರ ಮಟ್ಟಿಗೆ?

2012ರಲ್ಲಿ ‘ಕರೆಂಟ್ ಸೈನ್ಸ್’ ಪತ್ರಿಕೆಯಲ್ಲಿ ಈ ಕಲ್ಲುಗಳ ಕುರಿತು ಒಂದು ಪ್ರಬಂಧ ಬಂತು. ಮಣಿಪಾಲದಲ್ಲಿ ವಾಸ್ತುಶಿಲ್ಪ ಕಲಿಸುತ್ತಿದ್ದ ಶ್ರೀಕುಮಾರ್ ಮೆನನ್, ಮುಂಬೈನ ಟಾಟಾ ಮೂಲಭೂತ ಸಂಶೋಧನಾ ಸಂಸ್ಥೆಯ ಖಗೋಳ ವಿಜ್ಞಾನಿ ಮಯಂಕ್ ವಾಹಿಯಾ ಮತ್ತು ಕೈಲಾಶ್ ರಾವ್ ಅದನ್ನು ಬರೆದವರು. ಕೆಲವು ಕಲ್ಲುಗಳ ಜೋಡಿಗಳನ್ನು ಸೇರಿಸಿ ಗೆರೆ ಎಳೆದರೆ, ಆ ಗೆರೆ ಅಯನ ಬದಲಾಗುವ ದಿನ ಸೂರ್ಯ ಹುಟ್ಟುವ ಅಥವಾ ಮುಳುಗುವ ಜಾಗಕ್ಕೆ ತಾಗುತ್ತದೆ ಎಂಬುದು ಅವರ ವಾದದ ತಿರುಳು.

ಲೆಕ್ಕ ಸರಳ. ಹೊಸನಗರ ಸೀಮೆಯ ಅಕ್ಷಾಂಶ ಸುಮಾರು 13.8 ಡಿಗ್ರಿ. ಅಲ್ಲಿ ಜೂನ್ 21ರ ಸೂರ್ಯ ನೇರ ಪೂರ್ವದಿಂದ ಸುಮಾರು 24 ಡಿಗ್ರಿ ಉತ್ತರಕ್ಕೆ ಸರಿದು ಹುಟ್ಟುತ್ತಾನೆ, ಡಿಸೆಂಬರ್ 21–22ಕ್ಕೆ ಅಷ್ಟೇ ದಕ್ಷಿಣಕ್ಕೆ ಸರಿದು ಹುಟ್ಟುತ್ತಾನೆ. ಆದರೆ ಮಲೆನಾಡು ಸಪಾಟಾದ ಬಯಲಲ್ಲ. ದಿಗಂತದಲ್ಲಿ ಎರಡು ಡಿಗ್ರಿ ಎತ್ತರದ ಗುಡ್ಡ ಅಡ್ಡ ನಿಂತರೆ ಸೂರ್ಯ ಕಾಣಿಸಿಕೊಳ್ಳುವ ಜಾಗ ಅರ್ಧ ಡಿಗ್ರಿಯಷ್ಟು ದಕ್ಷಿಣಕ್ಕೆ ಜರುಗುತ್ತದೆ. ಅದು ಹೆಚ್ಚೂಕಡಿಮೆ ಸೂರ್ಯಬಿಂಬದ ಅಗಲ. ಹಾಗಾಗಿ ಅಳೆಯುವವರು ಕಲ್ಲಿನ ಜೊತೆಗೆ ಎದುರಿನ ಗುಡ್ಡವನ್ನೂ ಅಳೆಯಬೇಕು.

ಇಲ್ಲಿ ಮಲೆನಾಡಿನವರಿಗೆ ಸಹಜವಾಗಿ ಹೊಳೆಯುವ ಒಂದು ಆಕ್ಷೇಪಣೆ ಇದೆ. ಜೂನ್ 21 ಎಂದರೆ ಆರಿದ್ರಾ ಮಳೆ ಹೂಡುವ ಹೊತ್ತು. ಆ ದಿನಗಳಲ್ಲಿ ಈ ಸೀಮೆಯಲ್ಲಿ ಸೂರ್ಯೋದಯ ನೋಡಿದವರು ಎಷ್ಟು ಮಂದಿ? ಕಾಣದ ಸೂರ್ಯನಿಗೆ ಕಲ್ಲು ನೆಡುವುದು ಹೇಗೆ? ಉತ್ತರ ರೇಖಾಗಣಿತದಲ್ಲೇ ಸಿಗುತ್ತದೆ. ಜೂನ್ ಸೂರ್ಯೋದಯವನ್ನು ತೋರುವ ಗೆರೆಯ ಇನ್ನೊಂದು ತುದಿ, ದಿಗಂತ ಸಮನಾಗಿದ್ದರೆ, ಡಿಸೆಂಬರ್ ಸೂರ್ಯಾಸ್ತವನ್ನು ತೋರುತ್ತದೆ. ತಿಳಿಯಾದ ಡಿಸೆಂಬರ್ ಆಕಾಶದಲ್ಲಿ ಒಂದೇ ದಿನ ಬೆಳಗ್ಗೆ ಒಂದು ಗೆರೆ, ಸಂಜೆ ಇನ್ನೊಂದು ಗೆರೆ ಹಿಡಿಯಬಹುದು. ಮಳೆಗಾಲದ ಸೂರ್ಯನಿಗೆ ಕಾಯಬೇಕಿಲ್ಲ.

ಇದರಿಂದ ಸಾಧ್ಯತೆ ಉಳಿಯಿತು, ಸಾಬೀತಾಗಲಿಲ್ಲ. ಗಣಿತ ಇನ್ನೂ ಕಠಿಣವಾದ ಪ್ರಶ್ನೆ ಕೇಳುತ್ತದೆ. ಒಂದು ಬಯಲಲ್ಲಿ 20 ಕಲ್ಲುಗಳಿವೆ ಎಂದುಕೊಳ್ಳಿ. ಅವುಗಳಿಂದ 190 ಜೋಡಿಗಳಾಗುತ್ತವೆ. ಅಯನದ ಗೆರೆಗಳು ಎರಡು. ಪ್ರತಿ ಗೆರೆಗೂ ಆಚೆ ಈಚೆ ಒಂದೊಂದು ಡಿಗ್ರಿ ರಿಯಾಯಿತಿ ಕೊಟ್ಟರೆ, ಕಲ್ಲುಗಳನ್ನು ಮನಬಂದಂತೆ ನೆಟ್ಟಿದ್ದರೂ ಸರಾಸರಿ ಸುಮಾರು ನಾಲ್ಕು ಜೋಡಿಗಳು ಸೂರ್ಯನನ್ನು ತೋರುತ್ತವೆ. ಆದ್ದರಿಂದ ಹೊಂದಿದ ಜೋಡಿಗಳನ್ನು ಎಣಿಸಿದರೆ ಸಾಲದು. ಹೊಂದದ ಜೋಡಿಗಳನ್ನೂ ಲೆಕ್ಕಕ್ಕೆ ಹಿಡಿಯಬೇಕು, ಕಲ್ಲುಗಳ ಮುಖ ಒಂದೇ ದಿಕ್ಕಿಗಿದೆಯೇ ನೋಡಬೇಕು, ಅದೇ ವಿನ್ಯಾಸ ಪಕ್ಕದ ಊರಿನ ಕಲ್ಲುಗಳಲ್ಲೂ ಮರುಕಳಿಸುತ್ತದೆಯೇ ಪರೀಕ್ಷಿಸಬೇಕು.

ಇಂಗ್ಲೆಂಡಿನ ಸ್ಟೋನ್‌ಹೆಂಜ್ ಈ ಪಾಠವನ್ನು ಮೊದಲೇ ಕಲಿತಿತ್ತು. 1960ರ ದಶಕದಲ್ಲಿ ಖಗೋಳಜ್ಞ ಜೆರಾಲ್ಡ್ ಹಾಕಿನ್ಸ್ ಕಂಪ್ಯೂಟರ್ ಹಚ್ಚಿ ಅಲ್ಲಿನ ಕಲ್ಲುಗಳಲ್ಲಿ ಸೂರ್ಯಚಂದ್ರರ ಗೆರೆಗಳನ್ನು ಹುಡುಕಿದರು. ಆ ನೆಲವನ್ನು ಅಗೆದು ಬಲ್ಲ ಪುರಾತತ್ವಜ್ಞ ರಿಚರ್ಡ್ ಅಟ್ಕಿನ್ಸನ್ ಆ ವಾದವನ್ನು ಬಲವಾಗಿ ವಿರೋಧಿಸಿದರು. ಆಕಾಶ ಬಲ್ಲವರಿಗೆ ಮಣ್ಣೂ ಗೊತ್ತಿರಬೇಕು ಎಂಬುದು ಅಲ್ಲಿಂದ ಗಟ್ಟಿಯಾಯಿತು.

ಮಣ್ಣಿನ ಕೆಲಸ ಪ್ರಯೋಗ ಭೌತಶಾಸ್ತ್ರದ್ದು. ಬಂಡೆಯ ವಯಸ್ಸು ಕೋಟಿಗಟ್ಟಲೆ ವರ್ಷ, ಅದನ್ನು ನಿಲ್ಲಿಸಿದ ಕಾಲ ಬೇರೆ. ಕಲ್ಲಿನಡಿ ಹೂತ ಮಣ್ಣಿನ ಕಣಗಳು ಕಡೆಯ ಬಾರಿ ಬೆಳಕು ಕಂಡದ್ದು ಯಾವಾಗ ಎಂಬುದನ್ನು, ಅವು ಹಿಡಿದಿಟ್ಟುಕೊಂಡ ವಿಕಿರಣದ ಪ್ರಮಾಣದಿಂದ ಅಳೆಯುವ ವಿಧಾನವಿದೆ. ಕಲ್ಲಿನ ದಿಕ್ಕು ಈ ಕೆಲಸ ಮಾಡಲಾರದು. 3000 ವರ್ಷಗಳಲ್ಲಿ ಭೂಮಿಯ ಅಕ್ಷದ ಓರೆ ಬದಲಾಗಿರುವುದರಿಂದ ಅಯನದ ದಿನದ ಉದಯಬಿಂದು ಇಲ್ಲಿ ಜರುಗಿರುವುದು ಅರ್ಧ ಡಿಗ್ರಿಗೂ ಕಡಿಮೆ. ಒರಟು ಬಂಡೆಯಲ್ಲಿ ಅಷ್ಟು ಸಣ್ಣ ವ್ಯತ್ಯಾಸ ಹಿಡಿಯಲಾಗದು.

ಇಷ್ಟೆಲ್ಲ ಆದ ಮೇಲೂ ಮೊದಲ ಪ್ರಶ್ನೆ ಹಾಗೇ ಇರುತ್ತದೆ. ಅವರು ಸೂರ್ಯನನ್ನು ಗಮನಿಸಿದ್ದರು ಎಂದು ಒಪ್ಪಿದರೂ, ಸೂರ್ಯನನ್ನು ಪೂಜಿಸುತ್ತಿದ್ದರೋ, ಬಿತ್ತನೆಯ ಕಾಲ ಎಣಿಸುತ್ತಿದ್ದರೋ, ಸತ್ತ ಹಿರಿಯರಿಗೆ ದಾರಿ ತೋರುತ್ತಿದ್ದರೋ? ವಾಹಿಯಾ ಇದೇ ಬಗೆಯ ಗೋಡೆಯನ್ನು ಇನ್ನೊಂದು ಕಡೆಯೂ ಎದುರಿಸಿದವರು. 2009ರಲ್ಲಿ ‘ಸೈನ್ಸ್’ ಪತ್ರಿಕೆಯಲ್ಲಿ ರಾಜೇಶ್ ರಾವ್, ನಿಶಾ ಯಾದವ್, ಲಿಪಿತಜ್ಞ ಐರಾವತಂ ಮಹಾದೇವನ್ ಮೊದಲಾದವರ ಜೊತೆ ಅವರು ಸಿಂಧೂ ಮುದ್ರೆಗಳ ಚಿಹ್ನೆಗಳನ್ನು ಸಂಖ್ಯಾಶಾಸ್ತ್ರದಿಂದ ಪರಿಶೀಲಿಸಿದ್ದರು. ಚಿಹ್ನೆಗಳ ಸಾಲಿನಲ್ಲಿ ಭಾಷೆಗಳಲ್ಲಿ ಕಾಣುವಂಥ ಕ್ರಮವಿದೆ ಎಂದು ಅವರು ವಾದಿಸಿದರು. ಅದನ್ನು ಒಪ್ಪದವರೂ ಇದ್ದಾರೆ. ಆ ಕ್ರಮವನ್ನು ಒಪ್ಪಿದರೂ ಒಂದು ಮುದ್ರೆಯ ಅರ್ಥವೂ ಅದರಿಂದ ಬಿಡಿಸಿಕೊಳ್ಳುವುದಿಲ್ಲ.

ಕಲ್ಲಿಗೆ ದಿಕ್ಕಿಲ್ಲದೆಯೂ ದೈವತ್ವ ಬರುತ್ತದೆ ಎಂಬುದು ಮಲೆನಾಡಿನ ಜನರಿಗೆ ಹೊಸ ಮಾತಲ್ಲ. ಸಾಗರ, ಹೊಸನಗರದ ಕಾನಂಚಿನಲ್ಲಿ ಮರದ ಬುಡದ ಕೆತ್ತದ ಕಲ್ಲೇ ಚೌಡಿ, ಅದೇ ಭೂತಪ್ಪ. ವರ್ಷಕ್ಕೊಮ್ಮೆ ಹಣ್ಣುಕಾಯಿ ಸಲ್ಲುತ್ತದೆ, ಹರಕೆ ತೀರುತ್ತದೆ. ಅಳತೆಪಟ್ಟಿ ಹಿಡಿದು ಹೋದವರಿಗೆ ಅಲ್ಲಿ ಏನೂ ಸಿಗದು, ಭಕ್ತಿ ಮಾತ್ರ ಪೂರ್ತಿ ಇರುತ್ತದೆ. ತೀರ್ಥಹಳ್ಳಿ ತಾಲೂಕಿನ ಕುಪ್ಪಳಿಯಲ್ಲಿ ಇದಕ್ಕೆ ತಿರುವುಮುರುವಾದ ಉದಾಹರಣೆಯಿದೆ. ಕವಿಶೈಲದಲ್ಲಿ ಕಲಾವಿದ ಕೆ.ಟಿ. ಶಿವಪ್ರಸಾದ್ ರೂಪಿಸಿದ ಬೃಹತ್ ಶಿಲೆಗಳು ಕುವೆಂಪು ಅವರ ನೆನಪಿಗೆ ನಿಂತಿವೆ. ಎಲ್ಲ ಬರಹವೂ ಅಳಿದು, ಎರಡು ಸಾವಿರ ವರ್ಷದ ನಂತರ ಯಾರಾದರೂ ಅವನ್ನು ಅಳೆದರೆ ಒಂದೆರಡು ಜೋಡಿಯಾದರೂ ಸೂರ್ಯನಿಗೆ ಹೊಂದಬಹುದು. ಅಲ್ಲೊಬ್ಬ ಕವಿಯಿದ್ದ ಎಂಬುದನ್ನು ಯಾವ ಕೋನವೂ ಹೇಳಲಾರದು.

ಹಾಗಾದರೆ ಆ ಹಳೆಯ ಕಲ್ಲುಗಳ ಜಾಗ ವೇಧಶಾಲೆಯೋ ದೇವಸ್ಥಾನವೋ? ಈ ಪ್ರಶ್ನೆಯನ್ನೇ ತಿದ್ದಿಕೊಳ್ಳಬೇಕು. 18ನೆಯ ಶತಮಾನದ ಆರಂಭದಲ್ಲಿ ಇದೇ ನಗರ, ಅಂದಿನ ಬಿದನೂರು, ಕೆಳದಿ ಅರಸರ ರಾಜಧಾನಿಯಾಗಿತ್ತು. ಅರಸ ಬಸವಪ್ಪ ನಾಯಕ ಸಂಸ್ಕೃತದಲ್ಲಿ ರಚಿಸಿದ ‘ಶಿವತತ್ತ್ವ ರತ್ನಾಕರ’ದಲ್ಲಿ ಜ್ಯೋತಿಷ, ರಾಜನೀತಿ, ಸಂಗೀತ, ಅಡುಗೆ ಎಲ್ಲವೂ ಶಿವತತ್ತ್ವದ ಒಂದೇ ಹೊದಿಕೆಯಡಿ ಬರುತ್ತವೆ. ಅರಿವನ್ನೂ ಆರಾಧನೆಯನ್ನೂ ಬೇರೆ ಬೇರೆ ಕೋಣೆಗಳಲ್ಲಿಡುವುದು ನಮ್ಮ ಕಾಲದ ರೂಢಿ. ಅದನ್ನು ಕಬ್ಬಿಣ ಯುಗದ ಜನರ ಮೇಲೆ ಹೇರುವುದು ಎಷ್ಟು ತಪ್ಪೋ, ಕೆಳದಿಯ ಶಿವತತ್ತ್ವವನ್ನು ಅವರಿಗೆ ಹೊದಿಸುವುದೂ ಅಷ್ಟೇ ತಪ್ಪು.

ಕಲ್ಲು ನಿಲ್ಲಿಸಿದವರು ಏನನ್ನು ಗಮನಿಸಿದ್ದರು ಎಂಬುದನ್ನು ಗಣಿತ, ಖಗೋಳ, ಭೌತಶಾಸ್ತ್ರ ಸೇರಿ ಒಂದು ಹಂತದವರೆಗೆ ಹೇಳಬಲ್ಲವು. ಏನನ್ನು ನಂಬಿದ್ದರು ಎಂಬಲ್ಲಿ ಅವು ನಿಲ್ಲಬೇಕು, ಜಾನಪದವೂ ಸಾಹಿತ್ಯ ವಿಮರ್ಶೆಯೂ ಆ ಖಾಲಿಯನ್ನು ಆತುರದಿಂದ ತುಂಬಬಾರದು. ಆದರೆ ಈ ಎಲ್ಲ ವಿಚಾರಣೆಗೆ ಆಧಾರ ಒಂದೇ: ಕಲ್ಲು ನಿಂತ ಜಾಗ. ಕೆತ್ತಿದ ವೀರಗಲ್ಲನ್ನು ಮ್ಯೂಸಿಯಂಗೆ ಸಾಗಿಸಿದರೂ ಓದಬಹುದು. ಅಕ್ಷರವಿಲ್ಲದ ಕಲ್ಲು ನಾಲ್ಕಡಿ ಜರುಗಿದರೂ ಅದರ ಸಾಕ್ಷ್ಯ ಅಲ್ಲಿಗೆ ಮುಗಿಯಿತು. ತೋಟ ವಿಸ್ತರಿಸುವವರು, ರಸ್ತೆ ತೆಗೆಸುವವರು, ನೆಡುತೋಪು ಬೆಳೆಸುವವರು ಇಂಥ ಕಲ್ಲು ಎದುರಾದರೆ ಕೀಳಬೇಡಿ, ಒರಗಿದ್ದರೆ ನೀವಾಗಿ ನೆಟ್ಟಗೆ ಮಾಡಲೂ ಹೋಗಬೇಡಿ. ಇದ್ದಂತೆಯೇ ಬಿಟ್ಟು ಪುರಾತತ್ವ ಇಲಾಖೆಗೆ ತಿಳಿಸಿ.