ಎಳೆಯರ ಮರಣವೂ ಹಿರಿಯರ ಹೊಣೆಯೂ

ಹದಿಮೂರು ಹದಿನಾಲ್ಕರ ಪ್ರಾಯದ ಮಗುವೊಂದು ಅಕಾಲದಲ್ಲಿ ಮಡಿದರೆ ಊರವರು ಮೊದಲು ಕೇಳುವ ಪ್ರಶ್ನೆ ಒಂದೇ: "ಇದು ಆಕಸ್ಮಿಕವೋ, ಬುದ್ಧಿಪೂರ್ವಕವೋ?" ಆಕಸ್ಮಿಕವೆಂದರೆ ವಿಧಿಯನ್ನು ಹಳಿಯುತ್ತಾರೆ, ಬುದ್ಧಿಪೂರ್ವಕವೆಂದರೆ ಮಗುವನ್ನೋ ತಾಯಿತಂದೆಗಳನ್ನೋ ದೂಷಿಸುತ್ತಾರೆ. ಈ ದೂಷಣೆಗೆ ಅಂಜಿಯೇ ಎಷ್ಟೋ ಮನೆಗಳವರು ನಿಜವನ್ನು ಮರೆಮಾಡುತ್ತಾರೆ. ಈ ಪ್ರಶ್ನೆಯು ನ್ಯಾಯವಾದುದೇ ಎಂಬುದನ್ನು ವಾಚಕರೊಡನೆ ವಿಚಾರಮಾಡಬೇಕೆಂದಿದ್ದೇನೆ.

ಹದಿನಾರು ತುಂಬದವನನ್ನು ಬಾಲನೆಂದೆಣಿಸಿ ನಮ್ಮ ಸ್ಮೃತಿಕಾರರು ಪ್ರಾಯಶ್ಚಿತ್ತವನ್ನು ಅರ್ಧಕ್ಕಿಳಿಸಿದರು. ಆ ವಯಸ್ಸಿನ ಸಂಕಲ್ಪವು ಪೂರ್ಣವಲ್ಲವೆಂಬುದೇ ಇದರ ಇಂಗಿತವೆಂದು ನನ್ನ ಭಾವನೆ. ಆವೇಗವನ್ನು ತಡೆದು ಮುಂದಾಲೋಚಿಸುವ ಮೆದುಳಿನ ಭಾಗವು ಇಪ್ಪತ್ತು ದಾಟಿದ ಮೇಲೂ ಪಕ್ವವಾಗುತ್ತಿರುವುದೆಂದು ಇಂದಿನ ವೈದ್ಯಶಾಸ್ತ್ರವೂ ಹೇಳುತ್ತದೆ. ಎಳೆಯರಲ್ಲಿ ದುಡುಕಿಗೂ ಹತಾಶೆಗೂ ನಡುವಣ ಗೆರೆ ಬಲು ತೆಳುವಾದುದು. ಆ ಸಂಕಟದ ಗಳಿಗೆಯನ್ನು ದಾಟಿಸಿದರೆ ಎಷ್ಟೋ ಜೀವಗಳು ಉಳಿಯುತ್ತವೆ. ಮನೆಯ ಅಪಾಯಕರ ವಸ್ತುಗಳನ್ನು ಬೀಗದೊಳಗಿಟ್ಟರೆ ಆ ಒಂದೇ ಬೀಗವು ಎರಡು ಬಗೆಯ ಮರಣವನ್ನೂ ತಡೆದೀತು. ಕಾಯುವ ಧರ್ಮಕ್ಕೆ ಆ ಭೇದವಿಲ್ಲ.

2022ರಲ್ಲಿ ಭಾರತದಲ್ಲಿ 13,044 ವಿದ್ಯಾರ್ಥಿಗಳು ಆತ್ಮಹತ್ಯೆಯಿಂದ ಮಡಿದರೆಂದು ರಾಷ್ಟ್ರೀಯ ಅಪರಾಧ ದಾಖಲೆಗಳ ಬ್ಯೂರೋ ಲೆಕ್ಕಕೊಟ್ಟಿದೆ. ಆತ್ಮಹತ್ಯೆಗೆ ಯತ್ನಿಸಿದವರನ್ನು ತೀವ್ರ ಮನಃಕ್ಲೇಶಕ್ಕೊಳಗಾದವರೆಂದೇ ಭಾವಿಸಿ ಆರೈಕೆಮಾಡತಕ್ಕದ್ದೆಂದು 2017ರ ಮಾನಸಿಕ ಆರೋಗ್ಯ ಕಾಯಿದೆಯು ವಿಧಿಸಿತು. ಕಾನೂನು ದಂಡವನ್ನು ಬಿಟ್ಟು ದಯೆಯನ್ನು ಹಿಡಿದಿರಲು, ನಾವು ನಿಂದೆಯನ್ನು ಹಿಡಿದು ಕುಳಿತಿರುವುದು ಸರಿಯೆ?

ನನ್ನ ತಪ್ಪೊಂದನ್ನು ಹೇಳಿ ಮುಗಿಸುವೆನು. ಬಹುಕಾಲದ ಹಿಂದೆ ನನ್ನ ಶಿಷ್ಯನೊಬ್ಬನು ಸಂಜೆ ಮನೆಗೆ ಬಂದು, ಬಹುಮಾನವಾಗಿ ತನಗೆ ದೊರೆತಿದ್ದ ಶಬ್ದಕೋಶವನ್ನು, "ಇದು ತಮ್ಮಲ್ಲೇ ಇರಲಿ, ಮೇಷ್ಟ್ರೇ" ಎಂದು ಕೊಟ್ಟು, ಬಾಗಿಲಲ್ಲಿ ಕೊಂಚ ನಿಂತನು. ನಾನು ಮರುದಿನದ ಪಾಠವನ್ನು ಕೇಳಿದೆನೇ ಹೊರತು ಅವನನ್ನು ಕೇಳಲಿಲ್ಲ. ಆ ವಾರವೇ ಅವನು ತೀರಿಕೊಂಡನು. ಅದು ಆಕಸ್ಮಿಕವೋ ಅಲ್ಲವೋ ಎಂದು ಊರು ಇಂದಿಗೂ ವಾದಿಸುತ್ತದೆ. ನನಗೆ ಆ ವಾದ ಬೇಕಿಲ್ಲ. ಬಾಗಿಲಲ್ಲಿ ನಿಂತವನನ್ನು ಒಳಗೆ ಕರೆಯಲಿಲ್ಲವೆಂಬುದೊಂದೇ ನನಗೆ ಉಳಿದಿದೆ.

ಪ್ರಿಯವಸ್ತುಗಳನ್ನು ಹಂಚಿಬಿಡುವುದು, ಗೆಳೆಯರಿಂದ ದೂರ ಸರಿಯುವುದು, ಬದುಕು ಬೇಡವೆನ್ನುವುದು: ಇವನ್ನು ಕಂಡರೆ ಸುಮ್ಮನಿರಬಾರದು. ಸಾಯುವ ಯೋಚನೆ ಬಂದಿದೆಯೇ ಎಂದು ಮೆಲ್ಲನೆ, ನೇರವಾಗಿ ಕೇಳಬೇಕು. ಕೇಳುವುದರಿಂದ ಆ ಯೋಚನೆ ಹುಟ್ಟದು; ಮನಸ್ಸಿನ ಭಾರ ಇಳಿಯುವುದು. ಬಳಿಕ ಮಗುವನ್ನು ಒಂಟಿಯಾಗಿ ಬಿಡದೆ ವೈದ್ಯರಲ್ಲಿಗೆ ಕರೆದೊಯ್ಯಬೇಕು. 2022ರಲ್ಲಿ ಆರಂಭವಾದ ಟೆಲಿ ಮಾನಸ್ ಸೇವೆಯು 14416 ಎಂಬ ಸಂಖ್ಯೆಯಲ್ಲಿ ಹಗಲಿರುಳೂ ದೊರೆಯುತ್ತದೆ.

ಸತ್ತ ಮೇಲೆ ಊರು ಕೇಳುವ ಪ್ರಶ್ನೆಗಿಂತ, ಬದುಕಿರುವಾಗ ಒಬ್ಬನು ಕೇಳುವ ಪ್ರಶ್ನೆಯೇ ಶ್ರೇಷ್ಠವಾದುದು.