ಓದಿ ಹೇಳದ ಕಾಗದ

ಅಪ್ಪನಿಗೆ ಓದು ಬಾರದು. ಮಳವಳ್ಳಿ ಕಡೆಯ ನಮ್ಮೂರಿನಲ್ಲಿ ಗದ್ದೆಗೆ ಔಷಧಿ ಹೊಡೆಯುವ ಮುನ್ನ ಡಬ್ಬಿಯ ಮೇಲೆ ಬರೆದದ್ದನ್ನೆಲ್ಲ ನನ್ನಿಂದ ಓದಿಸುತ್ತಿದ್ದರು. ಎಷ್ಟು ನೀರಿಗೆ ಎಷ್ಟು, ಮೈಮೇಲೆ ಬಿದ್ದರೆ ಏನು ಮಾಡಬೇಕು, ಎಲ್ಲ ಕೇಳಿದ ಮೇಲೆಯೇ ಮುಚ್ಚಳ ತೆಗೆಯುತ್ತಿದ್ದರು.

ಎದೆನೋವೆಂದು ಮಂಡ್ಯಕ್ಕೆ ಹೋದಾಗ ಆಂಜಿಯೋಗ್ರಾಂ ಮಾಡಿಸಲು ಮೈಸೂರಿಗೆ ಕಳಿಸಿದರು. ರಕ್ತನಾಳದ ಒಳಗು ಎಕ್ಸ್‌ರೇಗೆ ಕಾಣದು. ಅಯೋಡಿನ್ ಇರುವ ದ್ರಾವಣವನ್ನು ಸಣ್ಣ ಕೊಳವೆಯಿಂದ ಒಳಗೆ ಬಿಟ್ಟರೆ ಅದು ಹರಿದ ದಾರಿ ಪರದೆಯ ಮೇಲೆ ಮೂಡುತ್ತದೆ. ಒಪ್ಪಿಗೆ ಪತ್ರದಲ್ಲಿ ಅಪಾಯಗಳ ಪಟ್ಟಿಯಿತ್ತು: ಅಲರ್ಜಿ, ಮೂತ್ರಪಿಂಡಕ್ಕೆ ಪೆಟ್ಟು, ಅಪರೂಪಕ್ಕೆ ಹೃದಯದ ಬಡಿತವೇ ತಪ್ಪುವುದು.

"ಏನ್ಲಾ ಬರ್ದವ್ರೆ?"

"ಏನಿಲ್ಲಪ್ಪ, ಸುಮ್ನೆ ರೂಲ್ಸು" ಎಂದು ಹೆಬ್ಬೆಟ್ಟು ಒತ್ತಿಸಿದೆ.

ಈ ಪರೀಕ್ಷೆ ಹುಟ್ಟಿದ್ದೇ ಅವಘಡದಿಂದ. 1958ರಲ್ಲಿ ಅಮೆರಿಕದ ಕ್ಲೀವ್‌ಲ್ಯಾಂಡ್ ಕ್ಲಿನಿಕ್‌ನಲ್ಲಿ ಡಾ. ಮೇಸನ್ ಸೋನ್ಸ್ ಮಹಾಪಧಮನಿಗೆ ಬಿಡಬೇಕೆಂದಿದ್ದ ದ್ರಾವಣ ನೇರವಾಗಿ ಹೃದಯದ ಬಲ ರಕ್ತನಾಳಕ್ಕೆ ನುಗ್ಗಿತು. ರೋಗಿಯ ಹೃದಯ ನಿಂತಿತು. ಸೋನ್ಸ್ ಕೆಮ್ಮಲು ಹೇಳಿದರು, ಆತ ಕೆಮ್ಮಿದ, ಬಡಿತ ಮರಳಿತು. ಹಾಗೆ ಬಿಟ್ಟರೂ ಮನುಷ್ಯ ಬದುಕಬಲ್ಲ ಎಂಬುದು ಆಗ ತಿಳಿಯಿತು. ಆ ರೋಗಿಗೆ ಈ ಅಪಾಯವನ್ನು ಅಳೆದು ಹೇಳುವಷ್ಟು ತಿಳಿವಳಿಕೆ ಆಗ ಯಾರಿಗೂ ಇರಲಿಲ್ಲ. ಅಪ್ಪನ ಸಂಗತಿಯಲ್ಲಿ ಎಲ್ಲವೂ ಅಚ್ಚಾಗಿ ನನ್ನ ಕೈಯಲ್ಲೇ ಇತ್ತು.

ಹೆದರಿಸಬಾರದೆಂದು ಮುಚ್ಚಿಟ್ಟೆ ಎಂದುಕೊಂಡಿದ್ದೆ. ಈಗಿನ ದ್ರಾವಣಗಳು ಹಳೆಯವಕ್ಕಿಂತ ಸೌಮ್ಯ, ಅಪಾಯ ಅಪರೂಪ, ಕಟ್ಟಿಕೊಂಡ ರಕ್ತನಾಳವನ್ನು ನೋಡದೆ ಬಿಡುವುದೇ ಹೆಚ್ಚು ಅಪಾಯ. ಇವೆಲ್ಲ ನಿಜ. ನಿಜವಾದ್ದರಿಂದಲೇ ಅಪ್ಪನಿಗೆ ಹೇಳಬಹುದಿತ್ತು. ವಿಷವನ್ನೂ ಬೆಳೆಯನ್ನೂ ತೂಗಿ ನೋಡಿ ಬದುಕಿದವರು ಇದನ್ನೂ ತೂಗುತ್ತಿದ್ದರು. ಅವರ ಕೈಯ ತಕ್ಕಡಿಯನ್ನು ನಾನು ಕಿತ್ತುಕೊಂಡೆ. ಅವರ ಮುಖದಲ್ಲಿ ಭಯ ನೋಡುವ ಧೈರ್ಯ ನನಗಿರಲಿಲ್ಲ. ಅದಕ್ಕೆ ಪ್ರೀತಿ ಎಂದು ಹೆಸರಿಟ್ಟೆ. ಅಪಾಯ ಹೇಳದೆ ಪಡೆದ ಹೆಬ್ಬೆಟ್ಟು ಒಪ್ಪಿಗೆಯಾಗುವುದಿಲ್ಲ, ಪಡೆದವನು ಮಗನೇ ಆದರೂ.

ಪರೀಕ್ಷೆ ಸಲೀಸಾಗಿ ಮುಗಿಯಿತು. ತಿಂಗಳುಗಳಾದ ಮೇಲೆ, ಜಗಲಿಯಲ್ಲಿ ಕೂತಿದ್ದಾಗ, ಆ ಕಾಗದದಲ್ಲಿ ಏನಿತ್ತೆಂದು ಅಪ್ಪನೇ ಕೇಳಿದರು. ಹೇಳಿದೆ. ಸ್ವಲ್ಪ ಹೊತ್ತು ಸುಮ್ಮನಿದ್ದರು.

"ಒತ್ತೇ ಒತ್ತುತಿದ್ದೆ ಕಲಾ. ಕೇಳ್ಕೊಂಡು ಒತ್ತುತಿದ್ದೆ, ಅಷ್ಟೇಯ."